ಹನ್ನೆರಡನೆಯವನ ಅಂಗಿ

ನನಗೆ ಕೆಲಸ ಸಿಕ್ಕಿತೆಂದು ನಮ್ಮ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದರು. ಎಲ್ಲಿ ಸಿಕ್ಕಿತೆಂದು ಗೊತ್ತಾದ ಮೇಲೆ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹೆಂಚಿನ ಹಳೇ ಬಂಗಲೆಯೊಂದರಲ್ಲಿ, ಪೊಲೀಸರ ಕೈಗೆ ಸಿಕ್ಕ ಹುಡುಗರನ್ನು ಇಟ್ಟುಕೊಂಡು ತಿದ್ದಿ ಮನೆಗೆ ಕಳಿಸುವ ಒಂದು ಮಂದಿರವಿತ್ತು. ಅಲ್ಲಿ ನಾನು ಗುಮಾಸ್ತೆ. ತೊಂಬತ್ತರ ದಶಕದ ನಡುವಿನ ಮಾತು ಇದು.

"ಕಳ್ಳ ಹುಡುಗರ ಲೆಕ್ಕ ಬರೆಯೋಕೆ ಬಿ.ಕಾಂ. ಯಾಕೆ ಓದ್ಬೇಕಿತ್ತು?" ಎಂದು ನಮ್ಮ ದೊಡ್ಡಮ್ಮ ಕೇಳಿದರು. ಅಮ್ಮ ಮೊದಲ ದಿನ ನಾನು ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, ಕತ್ತಿನ ಸರ, ಕಿವಿಯ ಓಲೆ ಎರಡನ್ನೂ ಬಿಚ್ಚಿಸಿಕೊಂಡು, ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕೊಂಡಿದ್ದ ಮಣಿಸರ ಹಾಕಿ ಕಳಿಸಿದಳು. ನಾನು ಅಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಕಳುವಾದದ್ದು ಒಂದೇ ಒಂದು ಛತ್ರಿ. ಅದನ್ನು ಎತ್ತಿಕೊಂಡು ಹೋದವರು ಮಂದಿರ ನಡೆಸುತ್ತಿದ್ದ ಟ್ರಸ್ಟಿನ ಹಿರಿಯ ಸದಸ್ಯರು. ಅವರ ವಯಸ್ಸು ನೋಡಿ ನಾವು ಕೇಸು ಹಾಕಲಿಲ್ಲ.

ಮಂದಿರ ನಡೆಸುವುದು ಟ್ರಸ್ಟು, ದುಡ್ಡು ಕೊಡುವುದು ಸರ್ಕಾರ. ಸರ್ಕಾರ ಅಂದರೆ ಒಂದು ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಎರಡೆಂದು ತಿಳಿಯಿತು. ಒಂದು ಪಾಲು ಡೆಲ್ಲಿಯಿಂದ ಬರಬೇಕು, ಒಂದು ಪಾಲು ನಮ್ಮ ರಾಜ್ಯದ್ದು, ಉಳಿದ ಚೂರುಪಾರು ಟ್ರಸ್ಟಿನದು. ಮೂವರು ಓರಗಿತ್ತಿಯರಿರುವ ಮನೆಯಲ್ಲಿ ಬೆಳಗಿನ ಹಾಲು ಕಾಯಿಸುವವರು ಯಾರು ಎಂದು ಮೂವರೂ ಮುಸುಕು ಹೊದ್ದು ಮಲಗಿರುತ್ತಾರಲ್ಲ, ಹಾಗೆ. ಮಳೆಗಾಲದ ದುಡ್ಡು ದೀಪಾವಳಿ ಕಳೆದ ಮೇಲೆ ಬರುತ್ತಿತ್ತು.

ಬಂದ ದುಡ್ಡೂ ಒಂದೇ ಗಂಟಾಗಿ ಬರುತ್ತಿರಲಿಲ್ಲ. ಊಟದ ಬಾಬ್ತು, ಬಟ್ಟೆಯ ಬಾಬ್ತು, ಶುಚಿತ್ವದ ಬಾಬ್ತು, ತರಬೇತಿಯ ಬಾಬ್ತು ಎಂದು ಬೇರೆ ಬೇರೆ. ಒಂದರ ದುಡ್ಡು ಇನ್ನೊಂದಕ್ಕೆ ಮುಟ್ಟಿಸುವಂತಿಲ್ಲ. ಮಾರ್ಚಿ ಮೂವತ್ತೊಂದರ ಒಳಗೆ ಖರ್ಚಾಗದಿದ್ದರೆ ವಾಪಸ್. ನಾನು ಸೇರಿದ ಮೊದಲ ಮಾರ್ಚಿನಲ್ಲಿ ಶುಚಿತ್ವದ ಬಾಬ್ತಿನಲ್ಲಿ ದುಡ್ಡು ಉಳಿದುಬಿಟ್ಟಿತು. ಒಂದು ಆಟೋ ತುಂಬ ಪೊರಕೆ ಬಂತು. ನಲವತ್ತು ಹುಡುಗರಿಗೆ ತಲೆಗೆರಡು ಪೊರಕೆ. ಅದೇ ವಾರ ಪಾದರಕ್ಷೆಗೆ ದುಡ್ಡಿಲ್ಲದೆ ಹುಡುಗರು ಇದ್ದ ಎರಡು ಜೊತೆ ಚಪ್ಪಲಿಯನ್ನು ಸರದಿಯ ಮೇಲೆ ಹಾಕಿಕೊಂಡು ಕೋರ್ಟಿಗೆ ಹೋಗಿಬರುತ್ತಿದ್ದರು. ಪೊರಕೆಯ ದುಡ್ಡಲ್ಲಿ ಚಪ್ಪಲಿ ತರಬಹುದಲ್ಲ ಎಂದು ನಾನು ಕೇಳಿದೆ. ನಮ್ಮ ಸೂಪರಿಂಟೆಂಡೆಂಟರು ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದರು. ಪೊರಕೆಗೆಂದೇ ಒಂದು ದಾಸ್ತಾನು ಪುಸ್ತಕ ತೆರೆದು, ಎಂಬತ್ತು ಪೊರಕೆಯನ್ನೂ ಅದರಲ್ಲಿ ನನ್ನ ಕೈಯಿಂದ ಬರೆಸಿದರು.

ಈ ಸೂಪರಿಂಟೆಂಡೆಂಟರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ರಿಟೈರಾದವರು, ಹನುಮಂತನಗರದಲ್ಲಿ ಮನೆ. ಒಳ್ಳೆಯವರು, ಆದರೆ ಮಹಾ ಗಾಬರಿ ಮನುಷ್ಯ. ಇಲಾಖೆಯಿಂದ ಫೋನು ಬಂದರೆ ಎದ್ದು ನಿಂತು ಮಾತಾಡುತ್ತಿದ್ದರು. ಮಕ್ಕಳನ್ನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಏನಾದರೂ ತಪ್ಪು ಮಾಡಿದ ಹುಡುಗನಿಗೆ ಭೂಗೋಳದ ಪಾಠ ಹೇಳುತ್ತಿದ್ದರು.

ಸರ್ಕಾರದ ಲೆಕ್ಕದಲ್ಲಿ ಇನ್ನೊಂದು ಸೊಗಸಿತ್ತು. ದುಡ್ಡು ಬರುವುದು ತಲೆಯ ಮೇಲೆ. ಎಷ್ಟು ಹುಡುಗರೋ ಅಷ್ಟು ದುಡ್ಡು. ಹುಡುಗ ತಿದ್ದಿಕೊಂಡು ಮನೆಗೆ ಹೋದರೆ ಅವನ ಜೊತೆ ಅವನ ದುಡ್ಡೂ ಹೋಯಿತು. ನಾವು ಕೆಲಸ ಚೆನ್ನಾಗಿ ಮಾಡಿದಷ್ಟೂ ಬಡವರಾಗುತ್ತಿದ್ದೆವು. ಒಬ್ಬನೂ ಉದ್ಧಾರವಾಗದ ಹಾಗೆ ನೋಡಿಕೊಂಡಿದ್ದರೆ ಬಂಗಲೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಬಹುದಿತ್ತು. ಇದನ್ನು ನಾನು ಒಮ್ಮೆ ನಗುತ್ತಾ ಹೇಳಿದೆ. ಸಾಹೇಬರು ನಗಲಿಲ್ಲ, ಎದ್ದುಹೋಗಿ ಕಿಟಕಿ ಮುಚ್ಚಿ ಬಂದು ಕೂತರು.

ಈ ಲೆಕ್ಕಕ್ಕೆ ನೇರವಾಗಿ ಸಿಕ್ಕಿಹಾಕಿಕೊಂಡವರು ನಮ್ಮ ಟೈಲರ್ ಮೇಷ್ಟ್ರು. ಬಂಗಲೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಆರು ಹೊಲಿಗೆ ಮಿಷನ್ನುಗಳಿದ್ದವು. ಹುಡುಗರಿಗೆ ಹೊಲಿಗೆ ಕಲಿಸಲು ಇವರು. ಐವತ್ತು ದಾಟಿದ ಸಣಕಲು ಮನುಷ್ಯ. ಮದುವೆ ಮನೆಗೆ ಬಂದಾಗಲೂ ಕತ್ತಿನಲ್ಲಿ ಟೇಪು ಇರುತ್ತಿತ್ತು. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆ. ಮೊದಲ ತಿಂಗಳು ಹುಡುಗರ ಕೈಗೆ ಹಳೇ ನ್ಯೂಸ್‌ಪೇಪರು ಕೊಟ್ಟು ಕತ್ತರಿಸಲು ಹೇಳುತ್ತಿದ್ದರು. ಎರಡನೇ ತಿಂಗಳು ದಾರವಿಲ್ಲದ ಮಿಷನ್ನು ತುಳಿಯಬೇಕು. ಆಮೇಲೆ ದಿಂಬಿನ ಕವರು, ಆಮೇಲೆ ಚಡ್ಡಿ. ಹೊಲಿಗೆ ಸೊಟ್ಟಗಾದರೆ ಬೈಯದೆ, ತಾವೇ ಕೂತು ಬಿಚ್ಚಿ, ಬಟ್ಟೆಯನ್ನು ಹುಡುಗನ ತೊಡೆಯ ಮೇಲಿಡುತ್ತಿದ್ದರು. ಅವರ ಕೈಯಲ್ಲಿ ಪಳಗಿದವರನ್ನು ಚಿಕ್ಕಪೇಟೆಯ ಅಂಗಡಿಯವರು ಬಂದು ಕೇಳಿ ಕರೆದುಕೊಂಡು ಹೋಗುತ್ತಿದ್ದರು.

ತೊಂದರೆ ಶುರುವಾದದ್ದೇ ಅಲ್ಲಿ. ತರಬೇತಿಯ ಬಾಬ್ತಿನ ನಿಯಮದಂತೆ, ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಇಲಾಖೆಯ ಅಧಿಕಾರಿ ಬಂದು ಎಣಿಸಿದಾಗ ಹೊಲಿಗೆ ಕಲಿಯುವ ಹುಡುಗರು ಹನ್ನೆರಡು ಮಂದಿ ಇರಬೇಕು. ಇದ್ದರೆ ಮುಂದಿನ ವರ್ಷಕ್ಕೆ ಮೇಷ್ಟ್ರ ಸಂಬಳ. ಹನ್ನೊಂದಾದರೆ ಹುದ್ದೆಯೇ ಇಲ್ಲ. ಕಲಿಯುವವರಿಗೆ ಹದಿನಾಲ್ಕು ವರ್ಷ ತುಂಬಿರಬೇಕೆಂಬ ಇನ್ನೊಂದು ನಿಯಮವೂ ಇತ್ತು. ಪೊರಕೆ ಬಂದ ಮರುವರ್ಷ ಹದಿನಾಲ್ಕು ತುಂಬಿದವರು ನಮ್ಮಲ್ಲಿ ಸರಿಯಾಗಿ ಹನ್ನೆರಡೇ ಜನ ಇದ್ದರು. ಹೆಚ್ಚಿಗೆ ಒಬ್ಬನಿರಲಿ ಎಂದು ಸಾಹೇಬರು ಒಬ್ಬ ಪುಟ್ಟ ಹುಡುಗನನ್ನು ಮಿಷನ್ನಿನ ಮುಂದೆ ಕೂರಿಸಿ ನೋಡಿದರು. ಅವನ ಕಾಲು ಪೆಡಲಿಗೆ ಎಟುಕಲಿಲ್ಲ. ಕಾಲ ಕೆಳಗೆ ಮರದ ತುಂಡು ಕಟ್ಟಿದರು. ಅವನು ತುಂಡಿನ ಸಮೇತ ಓಡಿಹೋಗಿ ಕ್ರಿಕೆಟ್ ಆಡಿದ.

ಆ ಹನ್ನೆರಡರಲ್ಲಿ ಕೊನೆಗೆ ಸೇರಿದವನನ್ನು ನಾನು ಮನಸ್ಸಿನಲ್ಲೇ ಹನ್ನೆರಡನೆಯವನು ಎಂದು ಕರೆಯುತ್ತಿದ್ದೆ. ಹೋಟೆಲ್ಲೊಂದರ ಮುಂದೆ ನಿಲ್ಲಿಸಿದ್ದ ಸೈಕಲ್ ಹತ್ತಿ ಹೊರಟು, ಮೈಸೂರು ರಸ್ತೆ ಹಿಡಿದು ಕೆಂಗೇರಿ ಮುಟ್ಟಿದ್ದ. ಅಲ್ಲಿ ಚೈನು ಕಳಚಿಕೊಂಡಿತು. ಹತ್ತಿರದಲ್ಲಿ ನಿಂತಿದ್ದವರನ್ನು "ಅಣ್ಣ, ಸ್ವಲ್ಪ ಹಿಡ್ಕೊಳಿ" ಎಂದು ಕೇಳಿದ. ಅವರು ಪೊಲೀಸ್ ಪೇದೆ. ಸೈಕಲ್ ಯಾಕೆ ಕದ್ದೆ ಎಂದು ನಾನು ಕೇಳಿದಾಗ, "ಕದೀಲಿಲ್ಲ ಮೇಡಂ, ಎಲ್ಲಿವರೆಗೂ ಹೋಗತ್ತೆ ನೋಡ್ದೆ" ಅಂದ. ಅಪ್ಪ ಅಮ್ಮ ಇಲ್ಲ. ಅಜ್ಜಿಯೊಬ್ಬಳು ಮಾರ್ಕೆಟ್ಟಿನ ಮೆಟ್ಟಿಲ ಹತ್ತಿರ ಕೂತು ಹೂ ಕಟ್ಟಿ ಮಾರುತ್ತಿದ್ದಳು.

ಅಜ್ಜಿ ಪ್ರತಿ ಶನಿವಾರ ಮಧ್ಯಾಹ್ನ ಬರುವಳು. ಮೊದಲು ನನ್ನ ಮೇಜಿನ ಹತ್ತಿರ ಬಂದು ಹೆಬ್ಬೆಟ್ಟು ಒತ್ತಬೇಕು, ಆಮೇಲೆ ಮೊಮ್ಮಗನನ್ನು ನೋಡಬೇಕು. ಹೆಬ್ಬೆಟ್ಟಿನ ಮಸಿಯನ್ನು ತಲೆಗೆ ಒರೆಸಿಕೊಳ್ಳುತ್ತಾ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುವಳು. "ಆರ್ಡರು ಬಂತೇನಮ್ಮಾ?" ಮಕ್ಕಳ ಕೋರ್ಟಿನಿಂದ ಬಿಡುಗಡೆಯ ಆರ್ಡರು ಬಂದರೆ ಹುಡುಗ ಮನೆಗೆ. ಇಲ್ಲ ಎಂದು ನಾನು ಹೇಳುತ್ತಿದ್ದೆ. ಅವಳು ಬುಟ್ಟಿಯಿಂದ ಒಂದು ಮೊಳ ಕನಕಾಂಬರ ತೆಗೆದು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ದುಡ್ಡು ಕೊಡಲು ಹೋದರೆ ಮುಖ ತಿರುಗಿಸುತ್ತಿದ್ದಳು. ಆ ವರ್ಷವೆಲ್ಲ ಶನಿವಾರ ಸಾಯಂಕಾಲ ನಾನು ಹೂ ಮುಡಿದುಕೊಂಡೇ ಮನೆಗೆ ಹೋದೆ.

ನಮ್ಮ ಮಂದಿರದಲ್ಲಿ ಒಂದು ಪದ್ಧತಿಯಿತ್ತು. ಒಳಗಿರುವಷ್ಟು ದಿನ ಎಲ್ಲರಿಗೂ ನೀಲಿ ಚೌಕಳಿ ಅಂಗಿ, ಖಾಕಿ ಚಡ್ಡಿ. ಬಿಡುಗಡೆಯಾದ ದಿನ ಮಾತ್ರ ಬಣ್ಣದ ಅಂಗಿ. ಬಟ್ಟೆಯ ಬಣ್ಣವನ್ನು ಹುಡುಗನೇ ಹೇಳಬೇಕು, ಹೊಲಿಗೆ ಕಲಿತವನಾದರೆ ಅವನೇ ಹೊಲಿದುಕೊಳ್ಳಬೇಕು. ಹುಡುಗರು ಅದಕ್ಕೆ ತಮ್ಮದೇ ಒಂದು ಕಟ್ಟಳೆ ಸೇರಿಸಿಕೊಂಡಿದ್ದರು: ಕೊನೆಯ ಗುಂಡಿ ಹಾಕುವ ತನಕ ಆ ವಿಷಯವನ್ನು ಶೆಡ್ಡಿನ ಆಚೆ ಯಾರಿಗೂ ಹೇಳಬಾರದು, ಹೇಳಿದರೆ ದೃಷ್ಟಿಯಾಗಿ ಆರ್ಡರು ವಾಪಸ್ ಹೋಗುತ್ತದೆ. ಶೆಡ್ಡಿನಲ್ಲಿ ಹನ್ನೆರಡು ಹುಡುಗರಿಗೂ ಗೊತ್ತಿರುತ್ತಿತ್ತು, ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ. ಸರ್ಕಾರದ ಯಾವ ಗೋಪ್ಯ ಕಡತವೂ ಅಷ್ಟು ಗೋಪ್ಯವಾಗಿ ಇದ್ದದ್ದನ್ನು ನಾನು ಕಾಣೆ.

ಆರ್ಡರು ಬಂದಾಗ ನನ್ನ ಕೆಲಸ ನಾಲ್ಕು. ಟಪಾಲು ಪುಸ್ತಕದಲ್ಲಿ ಬರೆಯಬೇಕು, ಮನೆಯವರಿಗೆ ಕಾರ್ಡು ಹಾಕಬೇಕು, ಕಡತವನ್ನು ಸಾಹೇಬರ ಸಹಿಗೆ ಇಡಬೇಕು, ಬಿಡುಗಡೆಯ ಬಟ್ಟೆಗೆ ಚೀಟಿ ಬರೆಯಬೇಕು. ಚೀಟಿ ಹಿಡಿದು ಅಟೆಂಡರು ಚಿಕ್ಕಪೇಟೆಗೆ ಹೋಗಿ ಬಟ್ಟೆ ತಂದು, ಚೀಟಿಯ ಸಮೇತ ಮೇಷ್ಟ್ರಿಗೆ ಕೊಡುತ್ತಿದ್ದ.

ಆ ಮಾರ್ಚಿನಲ್ಲಿ ನಾನು ಮನುಷ್ಯಳಾಗಿರಲಿಲ್ಲ, ಚೀಟಿ ಬರೆಯುವ ಮಿಷನ್ನಾಗಿದ್ದೆ. ವರ್ಷದ ಕೊನೆಯ ದುಡ್ಡು ಒಟ್ಟಿಗೆ ಬಂದಿತ್ತು. ಸೋಪಿಗೆ ಚೀಟಿ, ಸೂಜಿಗೆ ಚೀಟಿ, ಎರಡು ಕೊಡಪಾನಕ್ಕೆ ಚೀಟಿ. ಒಂದು ಸೋಮವಾರ ಬೆಳಿಗ್ಗೆ ಟಪಾಲಿನಲ್ಲಿ ಹನ್ನೆರಡನೆಯವನ ಆರ್ಡರು ಬಂತು. ಅದೇ ಹೊತ್ತಿಗೆ ಅಟೆಂಡರು ಗುಂಡಿ, ದಾರ ತರಲು ಚಿಕ್ಕಪೇಟೆಗೆ ಹೊರಟು ಬಾಗಿಲಲ್ಲಿ ನಿಂತಿದ್ದ. ಇವನು ಹೇಗೂ ಹೋಗುತ್ತಾನಲ್ಲ, ಬಸ್ ಚಾರ್ಜು ಉಳಿಯಲಿ ಎಂದು ನಾಲ್ಕನೇ ಕೆಲಸವನ್ನು ಮೊದಲು ಮಾಡಿಬಿಟ್ಟೆ. ಹುಡುಗನನ್ನು ಕರೆದು, ಏನು ಎತ್ತ ಹೇಳದೆ, ಯಾವ ಬಣ್ಣ ಇಷ್ಟವೋ ಎಂದು ಕೇಳಿ, ಬಟ್ಟೆಯ ಚೀಟಿ ಬರೆದು ಬೇರೆ ನಾಲ್ಕು ಚೀಟಿಗಳ ಜೊತೆ ಅಟೆಂಡರ ಕೈಗಿಟ್ಟೆ. ಅವನು ಹೋದ.

ಹನ್ನೊಂದು ಗಂಟೆಗೆ ಸಾಹೇಬರು ಬಂದರು. ಆರ್ಡರು ನೋಡಿ ಕುರ್ಚಿಯಲ್ಲಿ ಕುಸಿದು ಕೂತರು.

"ಮುಂದಿನ ಮಂಗಳವಾರ ಎಣಿಸೋಕೆ ಬರ್ತಾರೆ. ಇವನು ಹೋದ್ರೆ ಹನ್ನೊಂದು," ಅಂದರು.

"ಹೌದು ಸಾರ್."

"ಮೇಷ್ಟ್ರ ಮಗಳು ಈ ವರ್ಷ ಬಿ.ಎಸ್ಸಿ. ಕೊನೇ ವರ್ಷ. ಗೊತ್ತಲ್ಲ ನಿಮಗೆ?"

"ಗೊತ್ತು ಸಾರ್."

ಆಮೇಲೆ ಅವರು ಗೋಡೆಯ ಮೇಲಿದ್ದ ಭೂಪಟ ನೋಡುತ್ತಾ ಹೇಳಿದರು. "ಟಪಾಲು ಕೆಲವು ಸಲ ತಡ ಆಗತ್ತೆ ಅಲ್ವೇನ್ರೀ? ಇದು ಮಂಗಳವಾರ ಮಧ್ಯಾಹ್ನ ಬಂತು ಅಂತ ಇಟ್ಕೊಳ್ಳಿ. ಎಂಟು ದಿನ. ಇಲ್ಲಿ ಅವನಿಗೆ ಊಟ ತಿಂಡಿಗೇನು ಕಡಿಮೆಯಾಗಿಲ್ಲ."

ನಾನು ಒಪ್ಪಿದೆ. ಬಲವಂತಕ್ಕೆ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅದು ಸರಿ ಅಂತಲೇ ಅನ್ನಿಸಿತು, ಸ್ವಲ್ಪ ಖುಷಿಯೂ ಆಯಿತು. ಪೊರಕೆ ತರಿಸುವ ಸರ್ಕಾರಕ್ಕೆ ಒಂದು ಸಲವಾದರೂ ಟೋಪಿ ಹಾಕುವ ಅವಕಾಶ. ಆರ್ಡರನ್ನು ಯಾರೂ ತೆರೆಯದ ಪುಸ್ತಕದಲ್ಲಿ ಇಟ್ಟೆ. ಪೊರಕೆಯ ದಾಸ್ತಾನು ಪುಸ್ತಕ. ಬಟ್ಟೆಯ ಚೀಟಿ ಆಗಲೇ ಚಿಕ್ಕಪೇಟೆ ಸೇರಿತ್ತು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಚೀಟಿಯನ್ನು ಕೈ ಬರೆದಿತ್ತು, ತಲೆಗೆ ಅದರ ಸುದ್ದಿ ಮುಟ್ಟಿರಲಿಲ್ಲ.

ಶನಿವಾರ ಅಜ್ಜಿ ಬಂದಳು. ಹೆಬ್ಬೆಟ್ಟು ಒತ್ತಿದಳು.

"ಆರ್ಡರು ಬಂತೇನಮ್ಮಾ?"

ಪೊರಕೆಯ ಪುಸ್ತಕ ನನ್ನ ಮೊಣಕೈಯ ಕೆಳಗೇ ಇತ್ತು. "ಇನ್ನೂ ಬಂದಿಲ್ಲಜ್ಜಿ," ಅಂದೆ.

"ಬರತ್ತೆ ಬಿಡು," ಎಂದು ನನಗೇ ಸಮಾಧಾನ ಹೇಳಿ, ಹೂವನ್ನು ಮೇಜಿನ ಮೇಲಿಟ್ಟಳು. ಅದೇನೋ ಆ ದಿನ ಎರಡು ಮೊಳ ಇಟ್ಟಳು. ಸೋಮವಾರದಿಂದ ಇದ್ದ ಖುಷಿಯೆಲ್ಲ ಅಲ್ಲೇ ಇಳಿದುಹೋಯಿತು. ಸಾಯಂಕಾಲ ಆ ಹೂ ಮುಡಿದುಕೊಂಡೇ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದು ಮನೆಗೆ ಹೋದೆ. ಬಿಟ್ಟು ಹೋಗಿದ್ದರೆ ಅಟೆಂಡರು ಯಾಕೆಂದು ಕೇಳುತ್ತಿದ್ದ.

ಮಂಗಳವಾರ ಅಧಿಕಾರಿ ಬಂದರು. ಸಫಾರಿ ಸೂಟು, ಕಂಕುಳಲ್ಲಿ ಫೈಲು, ಕಿವಿಯ ಮೇಲೆ ಪೆನ್ಸಿಲು. ಸಾಹೇಬರು ಅವರಿಗೆ ಎರಡು ಸಲ ನಮಸ್ಕಾರ ಮಾಡಿದರು. ಕಾಫಿ ಕುಡಿದು, ಅಡುಗೆಮನೆ ನೋಡಿ, ಇಷ್ಟೊಂದು ಪೊರಕೆ ಯಾಕೆ ಎಂದು ಕೇಳಿ, ಕೊನೆಗೆ ನಾವೆಲ್ಲ ಹಿಂದಿನ ಶೆಡ್ಡಿಗೆ ಬಂದೆವು. ಹುಡುಗರು ಗೋಡೆಗೆ ಸಾಲಾಗಿ ನಿಂತಿದ್ದರು. ಮೇಷ್ಟ್ರು ಕೊನೆಯಲ್ಲಿ ನಿಂತಿದ್ದರು, ಬಾಯಲ್ಲಿ ಪಿನ್ನು.

ಹನ್ನೊಂದು ನೀಲಿ ಚೌಕಳಿ. ಕೊನೆಗೆ ಒಂದು ಕನಕಾಂಬರ ಬಣ್ಣದ ಅಂಗಿ.

ಸೋಮವಾರದ ಚೀಟಿ, ಅಟೆಂಡರು ಬಾಗಿಲಲ್ಲಿ ನಿಂತದ್ದು, ನಾನು ಬಣ್ಣ ಕೇಳಿದ್ದು, ಹುಡುಗ ನಮ್ಮಜ್ಜಿ ಹೂವಿನ ಬಣ್ಣ ಎಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಸಾಹೇಬರು ನನ್ನ ಕಡೆ ನೋಡಿದರು. ನಾನು ಮಿಷನ್ನಿನ ಕಡೆ ನೋಡಿದೆ.

ಅಧಿಕಾರಿ ಪೆನ್ಸಿಲಿನಿಂದ ಗಾಳಿಯಲ್ಲಿ ಎಣಿಸುತ್ತಾ ಬಂದರು. ಹತ್ತು, ಹನ್ನೊಂದು. ಪೆನ್ಸಿಲು ಕನಕಾಂಬರದ ಮುಂದೆ ನಿಂತಿತು.

"ಇವನ್ಯಾಕೆ ಯೂನಿಫಾರಂ ಹಾಕಿಲ್ಲ?"

"ಹಬ್ಬ ಸಾರ್," ಅಂದರು ಸಾಹೇಬರು.

"ಯಾವ ಹಬ್ಬ?"

"ಯುಗಾದಿ."

"ಅದಕ್ಕೆ ಇನ್ನೂ ಎರಡು ವಾರ ಇದೆಯಲ್ರೀ."

ಸಾಹೇಬರ ಹತ್ತಿರ ಬೇರೆ ಹಬ್ಬ ಇರಲಿಲ್ಲ. ಮೇಷ್ಟ್ರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡರು.

"ಇವನಿಗೆ ಬಿಡುಗಡೆ ಆಗಿದೆ ಸಾರ್," ಅಂದರು. "ಇದು ಅವನೇ ಹೊಲ್ಕೊಂಡಿರೋ ಅಂಗಿ. ಇವನನ್ನ ಬಿಟ್ಟು ಎಣಿಸ್ಬೇಕು."

"ಬಿಟ್ಟು ಎಣಿಸಿದ್ರೆ ಹನ್ನೊಂದಾಗತ್ತಲ್ಲ."

"ಆಗತ್ತೆ ಸಾರ್."

"ಹನ್ನೊಂದಾದ್ರೆ ಏನಾಗತ್ತೆ ಗೊತ್ತಾ?"

"ಗೊತ್ತು ಸಾರ್," ಅಂದರು ಮೇಷ್ಟ್ರು. ಹುಡುಗ ತನ್ನ ಕೊನೆಯ ಗುಂಡಿಯನ್ನು ಹಿಡಿದುಕೊಂಡು ನಿಂತಿದ್ದ.

ಆರ್ಡರು ಎಲ್ಲಿ ಎಂದು ಅಧಿಕಾರಿ ಕೇಳಿದರು. ನಾನು ಓಡಿಹೋಗಿ ಪೊರಕೆಯ ಪುಸ್ತಕದಿಂದ ತೆಗೆದುಕೊಂಡು ಬಂದೆ. "ಇವತ್ತಿನ ಟಪಾಲಲ್ಲಿ ಬಂತು ಸಾರ್," ಎಂದು ಯಾರೂ ಕೇಳದಿದ್ದರೂ ಹೇಳಿದೆ. ಅವರು ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿದರು, ನನ್ನ ಮುಖ ನೋಡಿದರು. ಹುಡುಗನ ಹತ್ತಿರ ಹೋಗಿ ಕಾಲರು ಮಗುಚಿ ನೋಡಿದರು, ತೋಳಿನ ಹೊಲಿಗೆ ಎಳೆದು ನೋಡಿದರು, ಬಗ್ಗಿ ಅಂಚಿನ ಮಡಿಕೆಯನ್ನೂ ನೋಡಿದರು.

"ನನ್ನ ಟೈಲರು ಇಷ್ಟು ಚೆನ್ನಾಗಿ ಹೊಲಿಯಲ್ಲ," ಅಂದರು. "ಆದ್ರೆ ಇದನ್ನ ಬರೆಯೋಕೆ ಫಾರಂನಲ್ಲಿ ಕಾಲಂ ಇಲ್ಲ." ಹನ್ನೊಂದು ಎಂದು ಬರೆದು ಸಹಿ ಹಾಕಿದರು.

ಹುಡುಗನನ್ನು ಮನೆಯವರ ಕೈಗೆ ಒಪ್ಪಿಸಬೇಕು. ಕಾರ್ಡು ಹಾಕಿಲ್ಲವಾದ್ದರಿಂದ ಅಜ್ಜಿಗೆ ವಿಷಯ ಗೊತ್ತಿರಲಿಲ್ಲ. ನಾನೇ ಕರೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಅವನು ನನಗಿಂತ ಹತ್ತು ಹೆಜ್ಜೆ ಮುಂದೆ, ಅಂಗಿ ಯಾರಿಗೂ ತಾಗದ ಹಾಗೆ, ಹೊರೆ ಹೊತ್ತವರ ನಡುವೆ ಅಡ್ಡಡ್ಡ ನಡೆಯುತ್ತಿದ್ದ. ಅಜ್ಜಿ ಹೂ ಕಟ್ಟುತ್ತಾ ಕೂತಿದ್ದಳು. ಮೊದಲು ಬಟ್ಟೆ ಮುಟ್ಟಿ ನೋಡಿದಳು, ಆಮೇಲೆ ತಲೆಯೆತ್ತಿ ಮುಖ ನೋಡಿದಳು. ಕೈಯಲ್ಲಿದ್ದ ದಾರ ಬಿಟ್ಟುಹೋಗಿ ಕಟ್ಟಿದ ಹೂವೆಲ್ಲ ಮಡಿಲಿಗೆ ಚೆಲ್ಲಿತು.

"ಇವತ್ತು ಬಂತೇನಮ್ಮಾ ಆರ್ಡರು?" ಎಂದು ನನ್ನನ್ನು ಕೇಳಿದಳು.

"ಹೂಂ ಅಜ್ಜಿ, ಇವತ್ತೇ," ಅಂದೆ.

ಮಾರ್ಚಿ ಮೂವತ್ತೊಂದಕ್ಕೆ ಮೇಷ್ಟ್ರ ಕೆಲಸ ಮುಗಿಯಿತು. ಸಾಹೇಬರು ಇಲಾಖೆಗೆ ಮೂರು ಸಲ ಹೋಗಿ, ನಿಂತು ಮಾತಾಡಿ ಬಂದರು. ಏನೂ ಆಗಲಿಲ್ಲ. ಆ ದಿನ ಮಧ್ಯಾಹ್ನ ನಾನು ಶೆಡ್ಡಿಗೆ ಹೋದಾಗ ಮೇಷ್ಟ್ರು ಆರೂ ಮಿಷನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಮುಚ್ಚಳ ಹಾಕುತ್ತಿದ್ದರು.

"ಹನ್ನೆರಡು ಅಂತ ಬರೆಸಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ," ಅಂದೆ. "ಒಂದು ದಿನ ಆ ಅಂಗಿ ತಡೆದಿದ್ರೆ ಸಾಕಿತ್ತು."

"ಅವನು ಹಾಕ್ಕೊಂಡ್ಬಿಟ್ಟಿದ್ದನಮ್ಮಾ. ಹಾಕ್ಕೊಂಡವನಿಗೆ ಬಿಚ್ಚು ಅಂತ ಹೆಂಗ್ ಹೇಳ್ಲಿ?" ಆಮೇಲೆ ದನಿ ತಗ್ಗಿಸಿದರು. "ಚೀಟಿ ಬಂದು ವಾರವಾದ್ರೂ ಹುಡುಗನ್ನ ಕಳಿಸ್ಲಿಲ್ಲ ಅಂದಾಗ್ಲೇ ತಿಳೀತು. ಸಾಹೇಬರು ಒಳ್ಳೇ ಮನಸ್ಸಿಂದಲೇ ಆರ್ಡರು ಇಟ್ಕೊಂಡಿದ್ರು, ನನಗೆ ಗೊತ್ತಿಲ್ವೇ. ಅವರಿಗೆ ಗೊತ್ತಾಗ್ದಂ‌ಗೆ ನೀವು ಬಟ್ಟೆ ಚೀಟಿ ಕಳಿಸಿದ್ರಲ್ಲ, ಅದು ದೊಡ್ಡದು. ಹೆಣ್ಮಗಳು, ಕೆಲಸ ಹೋದ್ರೂ ಹೋಗ್ಲಿ ಅಂತ ಧೈರ್ಯ ಮಾಡಿದ್ರಿ. ನೀವೇ ಅಷ್ಟು ಮಾಡಿರೋವಾಗ ನಾನು ಹನ್ನೆರಡು ಅಂತ ನಿಂತ್ಕೊಂಡ್ರೆ ಚೆನ್ನಾಗಿರತ್ತಾ?"

ನಾನು ಬಾಯಿ ತೆರೆದೆ. ಬಸ್ ಚಾರ್ಜು ಉಳಿಸಲು ಹೋಗಿ ಆದದ್ದು ಎಂದು ಹೇಳಬೇಕಿತ್ತು. ಹೇಳಿದರೆ, ನನ್ನ ಮರೆವಿಗೆ ಇವರ ಕೆಲಸ ಹೋಯಿತೆಂದು ಆಗುತ್ತದೆ. ಅದನ್ನು ಆ ದಿನ ಅವರ ಮುಂದೆ ಇಡುವ ಶಕ್ತಿ ನನಗಿರಲಿಲ್ಲ. ಸುಮ್ಮನೆ ಒಂದು ಮಿಷನ್ನಿಗೆ ಮುಚ್ಚಳ ಹಾಕಿದೆ.

ಮೇಷ್ಟ್ರ ಸಂಬಳ ನಿಂತರೂ ಮಿಷನ್ನಿನ ಎಣ್ಣೆಗೆ ದುಡ್ಡು ಬರುವುದು ನಿಲ್ಲಲಿಲ್ಲ. ಅದು ಬೇರೆ ಬಾಬ್ತು. ಮೂರು ವರ್ಷ ಯಾರೂ ತುಳಿಯದ ಮಿಷನ್ನುಗಳಿಗೆ ನಾನು ಎಣ್ಣೆ ಕೊಂಡೆ. ನಾಲ್ಕನೇ ವರ್ಷ ಹೊಸ ಕಾನೂನು ಬಂತು, ಹೊಸ ಯೋಜನೆ ಬಂತು, ಎರಡು ಹೊಸ ಮಿಷನ್ನೂ ಬಂದವು. ಜೊತೆಗೊಂದು ಕಾಗದ: ತರಬೇತಿ ಯಾಕೆ ನಡೆಯುತ್ತಿಲ್ಲ, ವಿವರಣೆ ಕೊಡಿ. ಸಾಹೇಬರು ಅದನ್ನು ಓದಿ, ನನಗೆ ನೈಲ್ ನದಿಯ ಬಗ್ಗೆ ಅರ್ಧ ಗಂಟೆ ಪಾಠ ಹೇಳಿದರು.

ನಾನು ಅಲ್ಲಿನ ಕೆಲಸ ಬಿಟ್ಟು ಬೇರೆ ಕಡೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಚಾಮರಾಜಪೇಟೆಯ ಒಂದು ಮೂಲೆಯಲ್ಲಿ ಟೈಲರ್ ಅಂಗಡಿ ಕಣ್ಣಿಗೆ ಬಿತ್ತು. ಒಳಗೆ ಇಬ್ಬರು ಕೂತರೆ ಗಿರಾಕಿ ಫುಟ್‌ಪಾತಿನಲ್ಲೇ ನಿಲ್ಲಬೇಕು, ಅಷ್ಟಗಲ. ಕತ್ತಿನಲ್ಲಿ ಟೇಪು ಹಾಕಿಕೊಂಡು ಮೇಷ್ಟ್ರು ಕೂತಿದ್ದರು. ಕತ್ತರಿ ಹಿಡಿದವನು ಮೀಸೆ ಬಂದ ಹನ್ನೆರಡನೆಯವನು. ಮೇಷ್ಟ್ರ ಕಣ್ಣು ಮಂಜಾಗಿತ್ತು. ಅವರು ಅಳತೆ ತೆಗೆಯುವುದು, ಇವನು ಕತ್ತರಿಸಿ ಹೊಲಿಯುವುದು. ಮಗಳಿಗೆ ಮದುವೆಯಾಗಿದೆ, ಮತ್ತಿಕೆರೆಯಲ್ಲಿದ್ದಾಳೆ ಅಂದರು. ನಾನು ಬೇಕೆಂದೇ ಮರುವಾರ ರವಿಕೆ ಬಟ್ಟೆ ತೆಗೆದುಕೊಂಡು ಹೋದೆ.

ಹನ್ನೆರಡನೆಯವನು ನನಗೆ ಸ್ಟೂಲು ಹಾಕಿ ಕೂರಿಸಿ, ಕಾಫಿ ತರಲು ಎದುರಿಗೆ ಓಡಿದ. ಮೇಷ್ಟ್ರು ನನ್ನ ಅಳತೆ ರವಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು. ಈಗ ಬಿಟ್ಟರೆ ಇನ್ನಿಲ್ಲ ಅನ್ನಿಸಿತು.

"ಮೇಷ್ಟ್ರೇ, ಆವತ್ತು ಆ ಚೀಟಿ ನಾನು ಬೇಕಂತ ಕಳಿಸಿದ್ದಲ್ಲ," ಅಂದೆ. "ಸಾಹೇಬರು ಹೇಳೋಕೆ ಮುಂಚೇನೇ ಕೈತಪ್ಪಿ ಹೋಗಿತ್ತು. ಆಮೇಲೆ ಮರೆತೇಬಿಟ್ಟೆ. ನೆನಪಿದ್ದಿದ್ರೆ ವಾಪಸ್ ತರಿಸ್ಕೊತಿದ್ದೆ. ಅಜ್ಜಿಗೂ ಸುಳ್ಳು ಹೇಳಿದೀನಿ, ಆರ್ಡರು ಮೇಜಿನ ಮೇಲಿಟ್ಕೊಂಡೇ."

ಮೇಷ್ಟ್ರು ರವಿಕೆ ಕೆಳಗಿಟ್ಟರು. ಬಾಯಿಂದ ಪಿನ್ನು ತೆಗೆದರು. ತುಂಬ ಹೊತ್ತು ರಸ್ತೆ ನೋಡಿದರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಆದರೆ ಏನೋ ಒಂದು ಇಳಿದುಹೋದದ್ದು ನನಗೆ ಕಂಡಿತು.

"ಹಂಗಾ," ಅಂದರು. ಆಮೇಲೆ, "ನಂಗೆ ಹೇಳಿದ್ರಿ, ಆಯ್ತು. ಇವನಿಗೆ ಹೇಳ್ಬೇಡಿ."

"ಯಾಕೆ?"

"ಅವನಿಗೆ ನಾನೇ ಹೇಳಿಬಿಟ್ಟಿದೀನಿ, ಮೇಡಮ್ಮು ನಿನಗೋಸ್ಕರ ಹಿಂಗಿಂಗೆ ಮಾಡಿದ್ರು ಅಂತ. ಅವನು ಅಜ್ಜಿಗೆ ಹೇಳಿದಾನೆ. ಮುದುಕಿ ದಿನಾ ದೀಪ ಹಚ್ಚೋವಾಗ ನಿಮ್ಮನ್ನ ನೆನೆಸ್ಕೊತಾಳೆ. ಈಗ ಹೋಗಿ ಅಲ್ಲ ಅಂದ್ರೆ ಆ ವಯಸ್ಸಲ್ಲಿ ಅವಳು ಯಾರನ್ನ ನೆನೆಸ್ಕೊಳ್ಳೋದು?"

ಅಷ್ಟರಲ್ಲಿ ಹುಡುಗ ಬಂದ. ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಬಾಳೆಲೆಯ ಪೊಟ್ಟಣ. ಅಜ್ಜಿ ಈಗ ಮಾರ್ಕೆಟ್ಟಿಗೆ ಹೋಗುತ್ತಿರಲಿಲ್ಲ, ರಸ್ತೆಯ ಆಚೆ ಮೂಲೆಯಲ್ಲೇ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳಂತೆ. ಬಂದವರು ಯಾರೆಂದು ಇವನು ಹೇಳಿ ಬಂದಿದ್ದ.

"ಅಜ್ಜಿ ಕೊಟ್ಟಿದ್ದು ಮೇಡಂ," ಅಂದ. "ಎದ್ದು ಬರೋಕಾಗಲ್ಲ ಅವಳಿಗೆ. ಇಲ್ಲಿಂದಲೇ ನೋಡ್ತೀನಿ ಅಂದ್ಲು."

ಪೊಟ್ಟಣ ಬಿಚ್ಚಿದೆ. ಎರಡು ಮೊಳ ಕನಕಾಂಬರ. ರಸ್ತೆಯ ಆಚೆ ನೋಡಿದೆ. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನನ್ನ ಕಡೆಯೇ ನೋಡುತ್ತಿದ್ದಳು. ನಾನು ನೋಡಿದ್ದು ಕಂಡು, ತನ್ನ ಬಿಳೀ ತಲೆಯ ಹಿಂದೆ ಕೈ ಮುಟ್ಟಿ, ಮುಡ್ಕೋ ಎಂದು ಸನ್ನೆ ಮಾಡಿದಳು. ಮೇಷ್ಟ್ರು ತಲೆ ತಗ್ಗಿಸಿಕೊಂಡು ರವಿಕೆಯ ತೋಳಿನ ಅಳತೆ ತೆಗೆಯುತ್ತಿದ್ದರು.

ಜಡೆಯಿಂದ ಒಂದು ಹೇರ್‌ಪಿನ್ನು ತೆಗೆದು ಹೂ ಮುಡಿದುಕೊಂಡೆ. ಅವಳಿಗೆ ಕಾಣಲೆಂದು ಬೆನ್ನು ತಿರುಗಿಸಿ ನಿಂತೆ.